ಕನೇರಿಯ ಸಿಮೆಂಟು ಹಳ್ಳಿಯಲ್ಲಿ ಪಾರ್ಕು ಮರುಳರ ಕೂಟ

ಜಾತ್ರೆಗೆ ಹೋಗುವವರಲ್ಲಿ ಎರಡು ಬಗೆಯವರುಂಟು. ದೇವರಿಗೆ ಹಣ್ಣುಕಾಯಿ ಒಪ್ಪಿಸಿ, ಮಕ್ಕಳ ಕಾಟ ತಡೆಯಲಾರದೆ ಒಂದು ಸುತ್ತು ತೊಟ್ಟಿಲು ಹತ್ತಿಸಿ, ಒಂದಿಷ್ಟು ಮಿಠಾಯಿ ಕಟ್ಟಿಸಿಕೊಂಡು ಮನೆಯ ದಾರಿ ಹಿಡಿಯುವವರು ಒಂದು ಬಗೆ. ಲೋಕದಲ್ಲಿ ಹೆಚ್ಚಿನವರು ಇವರೇ. ಇನ್ನೊಂದು ಬಗೆಯವರು ಜಾತ್ರೆಗೆ ನಾಲ್ಕು ದಿನ ಮೊದಲೇ ಗದ್ದೆಯಲ್ಲಿ ಹಾಜರು. ಲಾರಿಯಿಂದ ತೊಟ್ಟಿಲಿನ ಕಬ್ಬಿಣ ಇಳಿಸುವುದನ್ನು ನಿಂತು ನೋಡುತ್ತಾರೆ, ನಟ್ಟು ಬಿಗಿಯುವವನ ಊರು ಯಾವುದೆಂದು ವಿಚಾರಿಸುತ್ತಾರೆ, ಹೋದ ವರ್ಷದ ತೊಟ್ಟಿಲಿಗೂ ಈ ವರ್ಷದ್ದಕ್ಕೂ ಎಷ್ಟು ಪೆಟ್ಟಿಗೆ ಹೆಚ್ಚು ಕಡಿಮೆ ಎಂದು ಲೆಕ್ಕ ಹಾಕುತ್ತಾರೆ. ಮರಣಬಾವಿಯಲ್ಲಿ ಮೋಟಾರು ಸೈಕಲು ಓಡಿಸುವವನ ಜತೆ ಚಹಾ ಕುಡಿದ ಸಂಗತಿಯನ್ನು ವರ್ಷವಿಡೀ ಹೇಳಿಕೊಂಡು ತಿರುಗುತ್ತಾರೆ. ಇಂಥವರಿಗೆ ನಮ್ಮಲ್ಲಿ ಪ್ರತ್ಯೇಕ ಹೆಸರಿಲ್ಲ. ಮನೆಯವರು ಮಾತ್ರ ‘ಮರುಳು’ ಎನ್ನುವುದುಂಟು.

ಪರದೇಶಗಳಲ್ಲಿ ಈ ಮರುಳಿಗೂ ಸಂಘ ಉಂಟು. ಕೋಪನ್‌ಹೇಗನ್ ನಗರದ ಟಿವೊಲಿ ವಿನೋದವನ 1843ರಷ್ಟು ಹಳೆಯದು. ಅಮೇರಿಕೆಯಲ್ಲಿ ಡಿಸ್ನಿಲ್ಯಾಂಡು ತೆರೆದದ್ದು 1955ರಲ್ಲಿ. ಅದೇ ಅಮೇರಿಕೆಯಲ್ಲಿ 1978ರಲ್ಲಿ, ಹೊಟ್ಟೆಯೊಳಗಿನದೆಲ್ಲ ಬಾಯಿಗೆ ಬರುವಂತೆ ಏರಿ ಇಳಿಯುವ ರೋಲರ್ ಕೋಸ್ಟರುಗಳ ಅಭಿಮಾನಿಗಳು ಒಂದು ಸಂಘ ಕಟ್ಟಿದರು. ಅವರು ಊರೂರಿನ ಪಾರ್ಕುಗಳಲ್ಲಿ ಸೇರುತ್ತಾರೆ, ಚರ್ಚಿಸುತ್ತಾರೆ, ಹಳೆಯ ಮರದ ಕೋಸ್ಟರೊಂದನ್ನು ಕೆಡವಲು ಹೊರಟರೆ ಅರ್ಜಿಯನ್ನೂ ಬರೆಯುತ್ತಾರೆ. ನಮ್ಮ ಕಾಸರಗೋಡಿನ ಶಾಲಾ ಪ್ರವಾಸದ ಬಸ್ಸುಗಳಿಗೆ ಈ ಲೋಕದ ಪರಿಚಯವಾದದ್ದು 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡು ತೆರೆದ ಬಳಿಕ. ಈಗ ಅದರ ಹೆಸರು ವಂಡರ್‌ಲಾ. ಬೆಂಗಳೂರಿನದ್ದು 2005ರಲ್ಲಿ ಬಂತು.

ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜ ಈ ಮೂರು ಊರುಗಳ ಕೆಲವು ಕನ್ನಡ ಮನೆಗಳವರು ಇಂಥದೇ ಒಂದು ಕೂಟ ಮಾಡಿಕೊಂಡಿದ್ದಾರೆಂದು ಕೇಳಿದಾಗ ಮೊದಲು ಆಶ್ಚರ್ಯವೇ ಆಯಿತು. ಮಹಾರಾಷ್ಟ್ರದ ಒಳಗೆ ಕುಳಿತ ಕನ್ನಡಿಗರು ಸಂಘ ಕಟ್ಟಿದರೆ ಅದು ಶಾಲೆಗಾಗಿ, ಗ್ರಂಥಾಲಯಕ್ಕಾಗಿ, ಹೆಚ್ಚೆಂದರೆ ರಾಜ್ಯೋತ್ಸವಕ್ಕಾಗಿ ಇದ್ದೀತು ಎಂದು ನಾವು ಊಹಿಸುತ್ತೇವೆ. ಇವರದ್ದು ಪಾರ್ಕು ನೋಡುವ ಕೂಟ. ಇದಕ್ಕೆ ಹೆಸರಿಲ್ಲ, ಅಧ್ಯಕ್ಷರಿಲ್ಲ, ರಶೀದಿ ಪುಸ್ತಕವಿಲ್ಲ. ವರ್ಷಕ್ಕೆ ಎರಡು ಮೂರು ಸಲ ಒಬ್ಬರು ಇನ್ನೊಬ್ಬರಿಗೆ ಫೋನು ಮಾಡಿ ದಿನ ಗೊತ್ತು ಮಾಡುತ್ತಾರೆ, ಬುತ್ತಿ ಕಟ್ಟಿಕೊಂಡು ಹೊರಡುತ್ತಾರೆ. ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರದ ನಿಮಿತ್ತ ನೆಲೆಸಿದ ನಮ್ಮ ಕಡೆಯವರೊಬ್ಬರು ಕರೆದ ಕಾರಣ, ಕಳೆದ ಚಳಿಗಾಲದ ಒಂದು ಭಾನುವಾರ ಈ ಲೇಖಕನೂ ಅವರೊಡನೆ ಸೇರುವಂತಾಯಿತು.

ಆ ದಿನದ ಜಾಗ ಕನೇರಿ ಮಠ.

ಮೇಣವಿಲ್ಲದ ಮೇಣದ ಮ್ಯೂಸಿಯಂ

ಕೊಲ್ಲಾಪುರದಿಂದ ಬೆಂಗಳೂರು ಹೆದ್ದಾರಿಯಲ್ಲಿ ತೆಂಕಣಕ್ಕೆ ಹತ್ತು ಹನ್ನೆರಡು ಕಿಲೋಮೀಟರು ಬಂದರೆ ಗೋಕುಲ ಶಿರಗಾಂವದ ಕಾರ್ಖಾನೆಗಳ ವಸಾಹತು. ಅಲ್ಲಿಂದ ಒಳಗೆ ಸರಿದರೆ ಕರವೀರ ತಾಲೂಕಿನ ಕನೇರಿ ಗ್ರಾಮ. ಗುಡ್ಡದ ಮೇಲೆ ಕಾಡಸಿದ್ಧೇಶ್ವರರ ಹಳೆಯ ಮಠ, ಶಿವನ ಗುಡಿ. ಈ ಮಠದ ಆಶ್ರಯದಲ್ಲಿ, ಈಗಿನ ಅದೃಶ್ಯ ಕಾಡಸಿದ್ಧೇಶ್ವರ ಸ್ವಾಮಿಗಳ ಕಲ್ಪನೆಯಂತೆ, ಈ ಶತಮಾನದ ಮೊದಲ ದಶಕದಲ್ಲಿ ಒಂದು ಹಳ್ಳಿಯನ್ನೇ ಸಿಮೆಂಟಿನಲ್ಲಿ ಎಬ್ಬಿಸಿ ನಿಲ್ಲಿಸಿದರು. ಅದೇ ಸಿದ್ಧಗಿರಿ ಗ್ರಾಮಜೀವನ ಮ್ಯೂಸಿಯಂ. ಸುಮಾರು 7 ಎಕರೆ ಜಾಗದಲ್ಲಿ 80 ದೃಶ್ಯಗಳು, 300ರಷ್ಟು ಪ್ರತಿಮೆಗಳು ಎಂಬುದು ಆರಂಭದ ಲೆಕ್ಕ. ಅನಂತರವೂ ಅದು ಬೆಳೆದಿದೆ. ಸುತ್ತಲಿನ ಜನ ಇದನ್ನು ‘ಮೇಣದ ಮ್ಯೂಸಿಯಂ’ ಎಂದೇ ಕರೆಯುವುದುಂಟು. ಆದರೆ ಮೇಣವೆಂಬುದು ಹುಡುಕಿದರೂ ಸಿಗದು. ಆ ಬಿಸಿಲಿಗೆ ಮೇಣದ ಕುಂಬಾರ ಎಷ್ಟು ದಿನ ಕುಳಿತಾನು?

ಒಂದು ಮಾತು ಇಲ್ಲಿಯೇ ಹೇಳಬೇಕು. ಕಾಡಸಿದ್ಧೇಶ್ವರ ಎಂಬ ಹೆಸರಿನಲ್ಲಿ ‘ಕಾಡು’ ಕನ್ನಡದ ಕಾಡು. ಇದಕ್ಕೆ ಹಿಂದಿನ ಸ್ವಾಮಿಗಳು, 1905ರಲ್ಲಿ ಹುಟ್ಟಿ 2001ರಲ್ಲಿ ದೇಹಬಿಟ್ಟವರು, ಮುಪ್ಪಿನ ಕಾಡಸಿದ್ಧೇಶ್ವರರು. ಅವರು ಉಪದೇಶ ಪಡೆದದ್ದು ಇಂಚಗೇರಿ ಸಂಪ್ರದಾಯದ ಸಿದ್ಧರಾಮೇಶ್ವರ ಮಹಾರಾಜರಿಂದ. ಇಂಚಗೇರಿ ವಿಜಯಪುರ ಜಿಲ್ಲೆಯಲ್ಲಿದೆ. ಆ ಸಂಪ್ರದಾಯದ ಭಜನೆಗಳು ಕನ್ನಡ ಮರಾಠಿ ಎರಡರಲ್ಲಿಯೂ ನಡೆಯುತ್ತವೆ. ದಿನಕ್ಕೆ ಹತ್ತು ಸಲ ‘ಮುಪ್ಪಿನ’ ಎನ್ನುವ ಮರಾಠಿ ಭಕ್ತರಲ್ಲಿ ಆ ಶಬ್ದಕ್ಕೆ ವೃದ್ಧಾಪ್ಯವೆಂದು ಅರ್ಥ ಬಲ್ಲವರು ಎಷ್ಟು ಮಂದಿಯೋ. ಹೆಸರೊಳಗೆ ಭಾಷೆ ಹೀಗೆ ಸದ್ದಿಲ್ಲದೆ ಕುಳಿತಿರುತ್ತದೆ. ನಮ್ಮ ಊರಿನ ಹೆಸರುಗಳ ಬಗ್ಗೆ ಯೋಚಿಸುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಸದ್ದು ಮಾಡಿದ ಪ್ರಸಂಗವೂ ಒಂದುಂಟು. 2023ರ ಫೆಬ್ರವರಿಯಲ್ಲಿ ಇಲ್ಲಿ ಪಂಚಮಹಾಭೂತ ಲೋಕೋತ್ಸವ ನಡೆದಾಗ, ಕರ್ನಾಟಕದ ಅಂದಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಕನೇರಿಯಲ್ಲಿ ಕರ್ನಾಟಕ ಭವನ ಕಟ್ಟುವ ಮಾತಾಡಿದರು. ಗಡಿಯ ವಿವಾದ ಬಿಸಿಯಾಗಿದ್ದ ಕಾಲ. ಕೊಲ್ಲಾಪುರದಲ್ಲಿ ಅದಕ್ಕೆ ವಿರೋಧವೂ ಎದ್ದಿತು. ನಾವು ಹೋದ ದಿನ ಕೂಟದವರಲ್ಲಿ ಯಾರೂ ಆ ಸುದ್ದಿ ಎತ್ತಲಿಲ್ಲ. ಗಡಿಯ ಮೇಲೆ ಬದುಕುವವರು ಗಡಿಯ ವಿಷಯ ಮಾತನಾಡುವುದು ಬಹಳ ಕಡಿಮೆ ಎಂಬುದು ನಮಗೂ ತಿಳಿದದ್ದೇ.

ಚಹಾದ ಅಂಗಡಿಯ ಮುಂದೆ

ಕೂಟದವರು ಬೆಳಿಗ್ಗೆ ಒಂಬತ್ತಕ್ಕೆ ಮಠದ ಕೆಳಗಿನ ಚಹಾದ ಅಂಗಡಿಯ ಮುಂದೆ ಸೇರಿದರು. ಮಕ್ಕಳೂ ಸೇರಿ ಮೂವತ್ತರ ಹತ್ತಿರ ಜನ. ಇಚಲಕರಂಜಿಯವರು ಒಂದು ಟೆಂಪೋದಲ್ಲಿ ಬಂದಿಳಿದರು. ಗಡಹಿಂಗ್ಲಜದವರು ನಸುಕಿನಲ್ಲೇ ಬಸ್ಸು ಹಿಡಿದು ನಿಪ್ಪಾಣಿಯ ಮೇಲೆ ಬಂದಿದ್ದರು. ಇದೊಂದು ತಮಾಷೆ: ತಮ್ಮ ಜಿಲ್ಲೆಯ ಮುಖ್ಯ ಪಟ್ಟಣಕ್ಕೆ ಬರಲು ಅವರ ಬಸ್ಸು ಕರ್ನಾಟಕವನ್ನು ಹೊಕ್ಕು ಹೊರಬರುತ್ತದೆ. ಮಹಾರಾಷ್ಟ್ರದಿಂದ ಮಹಾರಾಷ್ಟ್ರಕ್ಕೆ ಹೋಗುವ ದಾರಿಯಲ್ಲಿ ನಡುವೆ ಅರ್ಧ ತಾಸು ಕನ್ನಡದ ಬೋರ್ಡುಗಳು. “ಆ ಅರ್ಧ ತಾಸಿನ್ಯಾಗ ಹುಡುಗರಿಗೆ ಬೋರ್ಡ ಓದಾಕ ಹಚ್ಚತೀನ್ರಿ,” ಎಂದರು ಅಲ್ಲಿಯ ನಿವೃತ್ತ ಮಾಸ್ತರರೊಬ್ಬರು. “ಶಾಳಿ ಅಷ್ಟ. ಮತ್ತ ಬ್ಯಾರೆ ಕನ್ನಡ ಶಾಳಿ ನಮ್ಮ ಹುಡುಗರಿಗೆ ಸಿಕ್ಕಿಲ್ಲ.”

ನನ್ನ ಮಾತು ಕೇಳಿ ಒಬ್ಬಾಕೆ ನಕ್ಕರು. “ನೀವು ಪುಸ್ತಕದಾಂಗ ಮಾತಾಡ್ತೀರಲ್ರಿ ಅಣ್ಣಾರ. ಯಾವೂರ್ರಿ?” ಕಾಸರಗೋಡು ಎಂದೆ. “ಅದು ಕೇರಳದಾಗ ಐತಲ್ರಿ? ಅಲ್ಲೂ ನಮ್ಮ ಮಂದಿ ಅದಾರೇನ್ರಿ?” ಇದ್ದಾರೆ, 1956ರ ನವೆಂಬರ್ ಒಂದರಂದು ನಾವೂ ಗಡಿಯ ಆ ಮಗ್ಗುಲಲ್ಲೇ ಉಳಿದುಹೋದವರು ಎಂದು ಹೇಳಿದೆ. ಮಾಸ್ತರರಿಗೆ ಇದು ಗೊತ್ತಿತ್ತು. ಮಹಾಜನ ಆಯೋಗದ 1967ರ ವರದಿಯಲ್ಲಿ ಅವರ ಗಡಿಯ ಮಾತಿನ ಜತೆಗೇ ನಮ್ಮ ಚಂದ್ರಗಿರಿ ಹೊಳೆಯ ಮಾತೂ ಬರುತ್ತದಷ್ಟೆ. “ಹಂಗಾದ್ರ ನಾವೂ ನೀವೂ ಒಂದs ಪುಸ್ತಕದ ಹಾಳಿ,” ಎಂದು ಚಹಾದ ಲೋಟ ಕೈಗೆ ಕೊಟ್ಟರು.

ಮೊದಲ ಸಲ ಇಂಥ ಕೂಟಕ್ಕೆ ಹೋದವನಿಗೆ ಮೊದಲು ಕಾಣುವುದು ಅವರವರ ಹುಚ್ಚಿನ ಬಗೆ. ಒಬ್ಬ ತರುಣ, ಇಚಲಕರಂಜಿಯ ನೂಲಿನ ಗಿರಣಿಯೊಂದರಲ್ಲಿ ವಿದ್ಯುತ್ತಿನ ಕೆಲಸ ಮಾಡುವವನು, ಒಂದು ದಪ್ಪ ಆಲ್ಬಮ್ಮು ತಂದಿದ್ದ. ಅದರ ತುಂಬ ಪಾರ್ಕುಗಳ ಟಿಕೆಟು, ಕೈಗೆ ಕಟ್ಟುವ ಕಾಗದದ ಪಟ್ಟಿ. ಮುಂಬಯಿಯ ಎಸ್ಸೆಲ್ ವರ್ಲ್ಡಿನದ್ದೂ ಇತ್ತು. 1989ರಲ್ಲಿ ತೆರೆದ ಆ ಪಾರ್ಕು 2022ರಲ್ಲಿ ಮುಚ್ಚಿತು. “ಇನ್ನ ಈ ಟಿಕೀಟಿಗೆ ಬೆಲೆ ಬಂತ್ರಿ,” ಎಂದ. ಯಾವ ತೊಟ್ಟಿಲು ಒಂದು ಸುತ್ತಿಗೆ ಎಷ್ಟು ಸೆಕೆಂಡು ತೆಗೆದುಕೊಳ್ಳುತ್ತದೆಂದು ಬರೆದಿಟ್ಟವನು ಅವನು. ಜಾತ್ರೆಯ ತೊಟ್ಟಿಲಿನವರು ಒಂದು ಪಕ್ಕದ ಪೆಟ್ಟಿಗೆ ತುಂಬಿದೊಡನೆ ಎದುರು ಪಕ್ಕದ ಪೆಟ್ಟಿಗೆ ತುಂಬುವುದು ಯಾಕೆಂದು ಅವನು ಒಂದು ತಟ್ಟೆಯನ್ನು ಬೆರಳ ಮೇಲೆ ನಿಲ್ಲಿಸಿ ತೋರಿಸಿದ. ತೂಕ ಒಂದೇ ಬದಿಗೆ ಬಿದ್ದರೆ ಮೋಟಾರಿಗೆ ಎಳೆತ ಹೆಚ್ಚು, ಹಲ್ಲಿನ ಚಕ್ರ ಸವೆಯುತ್ತದೆ, ನಿಲ್ಲಿಸುವಾಗ ತೊಟ್ಟಿಲು ಹಿಂದಕ್ಕೆ ಜಾರುತ್ತದೆ. ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು.

ಇಂಥವನಿಗೆ ಕನೇರಿ ರುಚಿಸದಿದ್ದದ್ದು ಸಹಜ. “ಇಲ್ಲಿ ಏನೂ ಅಲ್ಲಾಡೂದಿಲ್ರಿ. ಅಲ್ಲಾಡದ ಪಾರ್ಕ ಎಂಥಾದ್ರಿ?” ಎಂದು ಗೊಣಗಿದ. “ಅಲ್ಲಾಡಾಕ ನಾವದೀವಲ್ಲೋ, ನಡಿ,” ಎಂದು ಒಬ್ಬ ಅಜ್ಜಿ ಕೋಲೂರಿಕೊಂಡು ಮುಂದೆ ಹೊರಟೇಬಿಟ್ಟರು.

ನೆಲವು, ಶಿಂಕೆ, ಸಿಕ್ಕ

ಟಿಕೆಟಿನ ಕಿಂಡಿಯ ತನಕ ಎಲ್ಲರೂ ಮರಾಠಿ. ಕಿಂಡಿ ದಾಟಿದ ಮೇಲೆ ಕನ್ನಡ. ಇದನ್ನು ಯಾರೂ ತೀರ್ಮಾನ ಮಾಡಿ ಮಾಡಿದ್ದಲ್ಲ. ನಮ್ಮಲ್ಲಿ ಬಸ್ಸಿನ ಕಂಡಕ್ಟರನೊಡನೆ ಮಲೆಯಾಳದಲ್ಲಿ ಟಿಕೆಟು ಕೇಳಿ, ಪಕ್ಕದವರ ಕಡೆ ತಿರುಗಿ ಕನ್ನಡವೋ ತುಳುವೋ ಮುಂದುವರಿಸುವ ಹಾಗೆಯೇ. ಮಕ್ಕಳು ಮಾತ್ರ ಒಳಗೂ ಮರಾಠಿಯಲ್ಲೇ ಕೂಗಾಡುತ್ತಿದ್ದವು.

ಒಳಗಿನ ಹಳ್ಳಿಯ ವರ್ಣನೆಯನ್ನು ಪೂರ್ತಿ ಮಾಡಿದರೆ ಪತ್ರಿಕೆಯ ಪುಟ ಸಾಲದು. ಮರಾಠಿ ನಾಡಿನಲ್ಲಿ ಬಾರಾ ಬಲುತೇದಾರರೆಂದೂ ಕನ್ನಡ ನಾಡಿನಲ್ಲಿ ಹನ್ನೆರಡು ಆಯಗಾರರೆಂದೂ ಕರೆಯುವವರ ಕಸುಬುಗಳು ಇಲ್ಲಿ ಆಳೆತ್ತರದ ಪ್ರತಿಮೆಗಳಾಗಿವೆ. ಬಡಿಗ, ಕಮ್ಮಾರ, ಕುಂಬಾರ, ಕ್ಷೌರಿಕ, ಅಗಸ, ಅಕ್ಕಸಾಲಿ ಎಲ್ಲರೂ ತಂತಮ್ಮ ಕೆಲಸದಲ್ಲಿ ಮಗ್ನರು. ಮುಖದ ಸುಕ್ಕು, ಕಾಲಿನ ನರ, ಎತ್ತಿನ ಕಣ್ಣು ಇವನ್ನೆಲ್ಲ ನೋಡುವಾಗ ಮಾಡಿದವರ ಕೈಗೆ ನಮಸ್ಕರಿಸಬೇಕೆನಿಸುತ್ತದೆ. ಹಳ್ಳಿಯನ್ನು ಹೀಗೆ ಎತ್ತಿಡುವ ಕೆಲಸಕ್ಕೆ ಲೋಕದಲ್ಲಿ ನೂರು ವರ್ಷಕ್ಕೂ ಮೀರಿದ ಚರಿತ್ರೆಯುಂಟು. ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಆರ್ಟುರ್ ಹಾಜೇಲಿಯಸ್ ಎಂಬವರು 1891ರಲ್ಲಿ ಸ್ಕಾನ್ಸೆನ್ ಎಂಬ ಬಯಲು ಮ್ಯೂಸಿಯಂ ತೆರೆದರು. ಅವರು ಹಳ್ಳಿಗಳ ನಿಜವಾದ ಮನೆಗಳನ್ನೇ ಬಿಚ್ಚಿ ತಂದು ಮರಳಿ ಕಟ್ಟಿದರು. ನಮ್ಮಲ್ಲಿ ರಾಮನಗರದ ಬಳಿ ಎಚ್. ಎಲ್. ನಾಗೇಗೌಡರ ಜಾನಪದ ಲೋಕ, ಮಂಗಳೂರಿನ ಪಿಲಿಕುಳದಲ್ಲಿ ಕುಶಲಕರ್ಮಿಗಳ ಗ್ರಾಮ ಇವೆ. ಪಿಲಿಕುಳದಲ್ಲಿ ಗಾಣವೂ ಕುಂಬಾರನ ಚಕ್ರವೂ ತಿರುಗುವುದನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿಯೇ ಇದ್ದೀರಿ. ಕನೇರಿಯಲ್ಲಿ ಚಕ್ರ ತಿರುಗದು. ಆ ತರುಣನ ಗೊಣಗಾಟದಲ್ಲಿ ಸತ್ಯವಿತ್ತು.

ಆದರೆ ಕೂಟದವರು ತಾವಾಗಿ ಒಂದು ಆಟ ಮಾಡಿಕೊಂಡಿದ್ದರು. ಪ್ರತಿ ದೃಶ್ಯದ ಮುಂದೆ ನಿಂತು ಕಾಣುವ ವಸ್ತುಗಳಿಗೆಲ್ಲ ಹಿರಿಯರು ಕನ್ನಡದ ಹೆಸರು ಹೇಳಬೇಕು. ಮಕ್ಕಳು ಬರೆದುಕೊಳ್ಳಬೇಕು. ಹಿರಿಯರಿಗೆ ಹೆಸರು ತೋಚದಿದ್ದರೆ ಮಕ್ಕಳಿಗೆ ಐಸ್‌ಕ್ರೀಮು. ಇದು ಅವರ ಹಳೆಯ ನಿಯಮವಂತೆ. ತಿರುಗುವ ಪಾರ್ಕಿಗೆ ಹೋದರೂ, ಜಾತ್ರೆಗೆ ಹೋದರೂ ಇದೇ ಆಟ.

ಹೊಲದ ದೃಶ್ಯದ ಮುಂದೆ ಅಜ್ಜಿ ನಿಂತರು. ರಂಟೆ, ಕುಂಟೆ, ಕೂರಿಗೆ, ನೊಗ, ಮಿಣಿ, ಬಾರಕೋಲು. ಕಾಳು ಹಾಕುತ್ತ ಹೋದ ಹಾಗೆ ಒಂದೊಂದೇ ಶಬ್ದ ಬಿದ್ದವು. ರಾಶಿಯ ಮಾತು ಬಂದಾಗ ಕಣ, ನಡುವಿನ ಮೇಟಿ, ಎತ್ತುಗಳ ಹಂತಿ. ಹಂತಿ ಹೊಡೆಯುವಾಗ ರಾತ್ರಿಯೆಲ್ಲ ಹಾಡುತ್ತಿದ್ದರೆಂದು ಹೇಳಿ ಒಂದು ನುಡಿ ಗುನುಗಿಯೂ ಬಿಟ್ಟರು. ಮಕ್ಕಳು ಮರಾಠಿಯಲ್ಲಿ ಖಳೆ, ಪೇಂವ್ ಎಂದು ತಮಗೆ ಗೊತ್ತಿದ್ದುದನ್ನು ಹೇಳುತ್ತಿದ್ದವು. “ಪೇಂವ್ ಅಲ್ಲೋ, ಹಗೇವು,” ಎಂದು ಅಜ್ಜಿ ತಿದ್ದಿದರು. ನೆಲದೊಳಗೆ ಕಾಳು ತುಂಬಿಡುವ ಗುಂಡಿ. ನಮ್ಮ ಮಳೆಯ ನಾಡಿನಲ್ಲಿ ನೆಲದಲ್ಲಿ ಕಾಳು ಹೂತಿಟ್ಟರೆ ಮೊಳಕೆಯೇ ಬಂದೀತೆಂದು ನಾನು ಹೇಳಿದ್ದಕ್ಕೆ ಅವರಿಗೆ ನಂಬಿಕೆಯಾಗಲಿಲ್ಲ.

ಅಡಿಗೆಮನೆಯ ಮಾತಿಗೆ ಬಂದಾಗ ನನ್ನ ಪಾಳಿಯೂ ಬಂತು. ಬೆಕ್ಕಿನ ಬಾಯಿಗೆ ಸಿಗದಂತೆ ಹಾಲು ಮೊಸರಿನ ಗಡಿಗೆಯನ್ನು ಹಗ್ಗದ ಬಲೆಯಲ್ಲಿ ಮಾಡಿಗೆ ನೇತುಹಾಕುವುದುಂಟಲ್ಲ, ಅದಕ್ಕೆ ಏನೆನ್ನುತ್ತೀರಿ ಎಂದು ಮಾಸ್ತರರು ಕೇಳಿದರು. ಅವರದ್ದು ‘ನೆಲವು’. ಮರಾಠಿಯ ಮಕ್ಕಳದ್ದು ‘ಶಿಂಕೆ’. ನಮ್ಮ ಕಡೆ ‘ಸಿಕ್ಕ’, ಮಲೆಯಾಳದಲ್ಲಿ ‘ಉರಿ’ ಎಂದೆ. ಒಂದು ಹಗ್ಗದ ಬಲೆಗೆ ನಾಲ್ಕು ಹೆಸರು! ಶಿಂಕೆಯೂ ಸಿಕ್ಕವೂ ಒಂದೇ ಬಳ್ಳಿಯವಿರಬೇಕೆಂದು ಮಾಸ್ತರರು ಬಹಳ ಹೊತ್ತು ತರ್ಕಿಸಿದರು. ಸಾವಿರ ಮೈಲಿ ದೂರದ ಕೇರಳದಿಂದ ಬಂದವನೆಂದು ನನ್ನನ್ನು ನೋಡುತ್ತಿದ್ದವರಿಗೆ ಆ ಮೇಲೆ ನಾನು ಮನೆಯವನಾದೆ.

ಬರೆದುಕೊಳ್ಳುತ್ತಿದ್ದವರಲ್ಲಿ ಆರನೆಯ ತರಗತಿಯ ಒಬ್ಬ ಹುಡುಗಿ ಬಹಳ ಶ್ರದ್ಧೆಯವಳು. ಯಾವ ಶಬ್ದವನ್ನೂ ಬಿಡುತ್ತಿರಲಿಲ್ಲ. ಕುತೂಹಲದಿಂದ ಅವಳ ಪುಸ್ತಕಕ್ಕೆ ಇಣುಕಿದೆ. ನೆಲವು, ಮೇಟಿ, ಹಗೇವು, ಎಲ್ಲವೂ ಕನ್ನಡದ ಶಬ್ದಗಳೇ. ಬರೆದದ್ದು ಮರಾಠಿಯ ಬಾಳಬೋಧ ಲಿಪಿಯಲ್ಲಿ. ಅವಳಿಗೆ ಕನ್ನಡ ಅಕ್ಷರ ಬಾರದು. ಮನೆಯಲ್ಲಿ ಆಡುವುದು ಕನ್ನಡ, ಶಾಲೆ ಮರಾಠಿ. ‘ನೆಲವು’ ಬರೆಯುವಾಗ ಲ ಎಂದೋ ಳ ಎಂದೋ ಎಂದು ಅವಳು ಅಜ್ಜಿಯನ್ನು ಎರಡು ಸಲ ಕೇಳಿದಳು. ಅಜ್ಜಿಗೆ ಯಾವ ಅಕ್ಷರವೂ ಬಾರದು. ಆದರೆ ನಾಲಿಗೆ ತಪ್ಪುವುದಿಲ್ಲ.

ನಮ್ಮಲ್ಲಿ ಇದು ಇಲ್ಲವೆಂದು ಎದೆ ತಟ್ಟಿಕೊಂಡು ಹೇಳುವ ಧೈರ್ಯ ಈ ಲೇಖಕನಿಗಿಲ್ಲ. ಮನೆಯಲ್ಲಿ ಕನ್ನಡ ಮಾತನಾಡಿ, ಫೋನಿನಲ್ಲಿ ಅದೇ ಮಾತನ್ನು ಮಲೆಯಾಳ ಅಕ್ಷರದಲ್ಲೋ ಇಂಗ್ಲಿಷು ಅಕ್ಷರದಲ್ಲೋ ಬರೆದು ಕಳಿಸುವ ಮಕ್ಕಳು ಕುಂಬಳೆಯಲ್ಲೂ ಇದ್ದಾರೆ, ಮುಳ್ಳೇರಿಯದಲ್ಲೂ ಇದ್ದಾರೆ. ಅಷ್ಟಾದರೂ ಬರೆಯುತ್ತಾರಲ್ಲ ಎಂದು ಸಮಾಧಾನಪಡಬೇಕೋ, ಅಕ್ಷರ ಹೋಯಿತೆಂದು ಮರುಗಬೇಕೋ? ಮಾಸ್ತರರನ್ನು ಕೇಳಿದೆ. ಅವರು ಕೂಡಲೇ ಉತ್ತರ ಹೇಳಲಿಲ್ಲ. “ಮೊದಲ ಶಬ್ದ ಉಳೀಲಿರಿ. ಅಕ್ಷರ ನಾ ನಿಪ್ಪಾಣಿ ಬಸ್ಸಿನ್ಯಾಗ ಕಲಸ್ತೀನಿ,” ಎಂದರು ಕೊನೆಗೆ.

ತೊಗಲಿನ ಚೀಲ

ಬಾವಿಯಿಂದ ಎತ್ತುಗಳ ನೆರವಿನಿಂದ ನೀರೆತ್ತುವ ದೃಶ್ಯದ ಮುಂದೆ ಕೂಟ ಬಹಳ ಹೊತ್ತು ನಿಂತಿತು. ಮರಾಠಿಯಲ್ಲಿ ಮೋಟ್, ಕನ್ನಡದಲ್ಲಿ ಕಪಿಲೆ. ನಮ್ಮ ಕಡೆ ಏತ ಕಂಡವರಿಗೆ ಇದು ಹೊಸದು, ಆದುದರಿಂದ ಸ್ವಲ್ಪ ವಿವರಿಸುತ್ತೇನೆ. ಬಾವಿಯ ದಂಡೆಯಿಂದ ಹೊರಕ್ಕೆ ಇಳಿಜಾರು ಮಾಡಿರುತ್ತಾರೆ. ಎತ್ತುಗಳು ಆ ಇಳಿಜಾರಿನಲ್ಲಿ ಇಳಿಯುತ್ತ ಹಗ್ಗ ಎಳೆಯುತ್ತವೆ, ಬಾವಿಯಿಂದ ತೊಗಲಿನ ದೊಡ್ಡ ಚೀಲ ತುಂಬಿ ಮೇಲೇರುತ್ತದೆ. ಚೀಲಕ್ಕೆ ಕೆಳಗೆ ಸೊಂಡಿಲಿನಂಥ ಒಂದು ಬಾಲವುಂಟು. ಅದಕ್ಕೆ ಬೇರೆಯೇ ಒಂದು ಸಣ್ಣ ಹಗ್ಗ. ಏರುವಾಗ ಆ ಹಗ್ಗ ಸೊಂಡಿಲನ್ನು ಮಡಚಿ ಮೇಲಕ್ಕೆ ಹಿಡಿದಿರುವುದರಿಂದ ನೀರು ಚೆಲ್ಲದು. ಚೀಲ ದಂಡೆಗೆ ಬಂದೊಡನೆ ಸೊಂಡಿಲು ದೋಣಿಯ ಕಡೆ ಚಾಚ್ಚಿಕೊಂಡು ನೀರು ತಾನಾಗಿ ಸುರಿಯುತ್ತದೆ. ಎತ್ತು ಹಿಂದಕ್ಕೆ ಹೆಜ್ಜೆಯಿಟ್ಟರೆ ಚೀಲ ಮತ್ತೆ ಬಾವಿಗೆ. ಒಬ್ಬನೇ ಆಳು ಎತ್ತು ಹೊಡೆಯುತ್ತ ನೀರೂ ಎತ್ತುವ ಯುಕ್ತಿ. ಆಲ್ಬಮ್ಮಿನ ತರುಣ ಈಗ ಗೊಣಗಾಟ ನಿಲ್ಲಿಸಿ ನೆಲದಲ್ಲಿ ಕುಳಿತು ಎರಡು ಹಗ್ಗಗಳ ಉದ್ದ ಹೇಗೆ ಹೊಂದಬೇಕೆಂದು ಕಡ್ಡಿಯಿಂದ ಗೀಚುತ್ತಿದ್ದ.

ಆಗ ಹಿಂದೆ ನಿಂತಿದ್ದ ಒಬ್ಬರು ಮಾತನಾಡಿದರು. ಇಚಲಕರಂಜಿಯಲ್ಲಿ ಮಗ್ಗದ ಜಾಬರ್ ಆಗಿ ದುಡಿದು ನಿವೃತ್ತರಾದವರು. ಆ ಊರಿನಲ್ಲಿ ಮೊದಲ ವಿದ್ಯುತ್ ಮಗ್ಗ ಬಂದದ್ದು 1904ರಲ್ಲಿ ಎನ್ನುತ್ತಾರೆ; ಅಂದಿನಿಂದ ಗಡಿಯ ಈಚೆಯಿಂದ ಎಷ್ಟೋ ಕನ್ನಡ ಮನೆಗಳು ಮಗ್ಗದ ಸದ್ದನ್ನು ಹಿಂಬಾಲಿಸಿ ಅಲ್ಲಿಗೆ ಹೋಗಿವೆ. ಬೆಳಿಗ್ಗಿನಿಂದ ಅವರು ಹೆಚ್ಚು ಮಾತನಾಡಿರಲಿಲ್ಲ. ಚಹಾದ ಹೊತ್ತಿಗೆ ಹಾಸು, ಹೊಕ್ಕು, ಲಾಳಿ ಎಂದು ಮೂರು ಶಬ್ದ ಕೊಟ್ಟು, “ಈಗಿನ ಮಗ್ಗಕ್ಕ ಲಾಳೀನೂ ಇಲ್ಲ” ಎಂದು ಸುಮ್ಮನಾಗಿದ್ದರು.

“ಆ ತೊಗಲಿನ ಚೀಲ ನಮ್ಮಜ್ಜ ಹೊಲೀತಿದ್ರಿ,” ಎಂದರು. “ಊರಾಗಿನ ಎಲ್ಲಾ ಬಾವಿಗೂ ನಮ್ಮಜ್ಜಂದs ಚೀಲ. ಹರದ್ರ ರಾತ್ರ್ಯಾಗೂ ಕರಸತಿದ್ರು. ರೊಕ್ಕ ಇಲ್ಲ. ರಾಶಿ ದಿನ ಕಣದ ಅಂಚಿನ್ಯಾಗ ಕುಂಡ್ರಬೇಕು. ರಾಶಿ ಅಳದು, ಎಲ್ಲಾರದೂ ಮುಗದು, ಕಡೀಕ ನಮ್ಮ ಪಾಳಿ. ಕೊಟ್ಟಷ್ಟು ಉಡಿಯಾಗ ಹಾಕ್ಕೊಂಡು ಬರೂದು.” ಸ್ವಲ್ಪ ತಡೆದು ಮುಂದುವರಿಸಿದರು: “ನೀರ ಎತ್ತೂ ಚೀಲ ಹೊಲದಾವ ಆ ಬಾವಿ ಕಟ್ಟಿ ಹತ್ತಂಗಿದ್ದಿಲ್ರಿ. ಅವ್ವ ಕೊಡಾ ಹಿಡಕೊಂಡು ಕೆಳಗ ನಿಂತಿರತಿದ್ಲು. ಯಾರರ ಹುಯ್ಯೂತನಕ.”

ಯಾರೂ ಮಾತನಾಡಲಿಲ್ಲ. ಅವರು ನಗುತ್ತಿದ್ದ ಒಂದು ಪ್ರತಿಮೆಯನ್ನು ತೋರಿಸಿ, “ಇವರು ಚಲೋ ಮಾಡ್ಯಾರ. ಆದ್ರ ನಮ್ಮಜ್ಜ ಹಿಂಗ ನಕ್ಕಿದ್ದು ನಾ ನೋಡಿಲ್ಲ,” ಎಂದರು. ಸಿಟ್ಟಿನಿಂದ ಹೇಳಿದ ಮಾತಲ್ಲ. ಮಗ್ಗದಲ್ಲಿ ಎಳೆ ತಪ್ಪಿದ್ದನ್ನು ತೋರಿಸುವ ಜಾಬರನ ಧ್ವನಿ.

ಇಂಥ ಮ್ಯೂಸಿಯಮ್ಮುಗಳೆಲ್ಲದರ ಮೇಲೂ ಈ ಪ್ರಶ್ನೆ ಕೇಳಬೇಕಾದದ್ದೇ ಎಂದು ನನಗೆ ತೋರುತ್ತದೆ. ಸಿಮೆಂಟಿನಲ್ಲಿ ಕಸುಬು ಹಿಡಿಯಬಹುದು, ಕಸುಬಿಗೆ ಸಿಕ್ಕಿದ ಕೂಲಿ ಹಿಡಿಯುವುದು ಕಷ್ಟ. ಹಳ್ಳಿ ಸ್ವಾವಲಂಬಿಯಾಗಿತ್ತೆಂದು ಹೇಳುವಾಗ ಯಾರ ಬೆನ್ನಿನ ಮೇಲೆ ಅದು ನಿಂತಿತ್ತೆಂಬುದನ್ನೂ ಹೇಳಬೇಡವೇ? ಕೊಲ್ಲಾಪುರದ ನೆಲದಲ್ಲಿ ಈ ಪ್ರಶ್ನೆ ಹೊಸತೇನಲ್ಲ. ಇಲ್ಲಿಯ ದೊರೆ ಶಾಹು ಮಹಾರಾಜರು 1902ರಲ್ಲಿಯೇ ಸಂಸ್ಥಾನದ ನೌಕರಿಗಳಲ್ಲಿ ನೂರಕ್ಕೆ 50ನ್ನು ಹಿಂದುಳಿದವರಿಗೆ ಕಾದಿರಿಸಿದವರು. ಬಿಟ್ಟಿ ಚಾಕರಿಯ ಸಂಕೋಲೆಯಾಗಿದ್ದ ಮಹಾರ ವತನವನ್ನು 1918ರಲ್ಲಿ ತೆಗೆದುಹಾಕಿದವರೂ ಅವರೇ. ಹಾಗಿದ್ದರೂ ಜಾಬರರ ತಾಯಿ ಕೊಡ ಹಿಡಿದು ನಿಂತದ್ದು ಆಮೇಲಿನ ಮಾತು ಎಂಬುದನ್ನು ಮರೆಯುವ ಹಾಗಿಲ್ಲ.

“ಇದನ್ನೂ ಬರ್ಕೋ,” ಎಂದರು ಮಾಸ್ತರರು ಹುಡುಗಿಗೆ. ಇದಕ್ಕೆ ಒಂದು ಶಬ್ದ ಯಾವುದು ಎಂದು ಅವಳು ಕೇಳಿದಳು. ಶಬ್ದ ಬೇಡ, ಹೇಳಿದ್ದನ್ನು ಹೇಳಿದ ಹಾಗೆಯೇ ಬರೆ ಎಂದರು. ಅವಳು ಬಾವಿಯ ಕಟ್ಟೆಯ ಮೇಲೆಯೇ ಪುಸ್ತಕವಿಟ್ಟು ಬರೆದಳು. ಜಾಬರರು ಇನ್ನೊಮ್ಮೆ ನಿಧಾನವಾಗಿ ಹೇಳಿಕೊಟ್ಟರು.

ರಂಕಾಳದ ದಂಡೆಯಲ್ಲಿ

ಮಧ್ಯಾಹ್ನ ಮಠದ ಆವರಣದ ಮರದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ನಾನು ಒಯ್ದಿದ್ದ ಹಲಸಿನ ಹಪ್ಪಳಕ್ಕೆ ಬಹಳ ಬೇಡಿಕೆ ಬಂತು. ಹಪ್ಪಳದ ಹೆಸರು ಕೇಳಿದೊಡನೆ ಹುಡುಗಿ ಪುಸ್ತಕ ತೆರೆದದ್ದನ್ನು ನೋಡಿ ಎಲ್ಲರೂ ನಕ್ಕರು.

ಸಂಜೆಗೆ ಕೊಲ್ಲಾಪುರಕ್ಕೆ ಬಂದೆವು. ಮಹಾಲಕ್ಷ್ಮಿಯ ದರ್ಶನವಿಲ್ಲದೆ ಯಾವ ಕೂಟವೂ ಮುಗಿಯದಂತೆ. ಗುಡಿಯ ಹತ್ತಿರದ ಚಪ್ಪಲಿ ಅಂಗಡಿಗಳ ಸಾಲಿನಲ್ಲಿ ಜಾಬರರು ಒಂದು ಜೊತೆ ಎತ್ತಿ ಹೊಲಿಗೆ ನೋಡಿ ಕೆಳಗಿಟ್ಟರು. ಕೊಲ್ಲಾಪುರಿ ಚಪ್ಪಲಿಗೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದಾಗ ಅದನ್ನು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಿಗೂ ಕರ್ನಾಟಕದ ನಾಲ್ಕು ಜಿಲ್ಲೆಗಳಿಗೂ ಒಟ್ಟಿಗೆ ಕೊಟ್ಟರು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ನಮ್ಮವು. ಎರಡೂ ಸರಕಾರಗಳು ಜಗಳವಾಡದೆ ಪಾಲು ಮಾಡಿಕೊಂಡ ಆಸ್ತಿ ಇದೊಂದೇ ಇರಬೇಕು! ಈ ಸೀಮೆಯಲ್ಲಿ ಕನ್ನಡ ಹೊಸದಾಗಿ ಬಂದು ಕುಳಿತದ್ದಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾದವರು ಶಿರೋಳ ತಾಲೂಕಿನ ಖಿದ್ರಾಪುರಕ್ಕೆ ಹೋಗಿ ಕೊಪ್ಪೇಶ್ವರ ಗುಡಿಯ ಕನ್ನಡ ಶಾಸನಗಳನ್ನು ನೋಡಬಹುದು.

ರಂಕಾಳ ಕೆರೆಯ ದಂಡೆಯಲ್ಲಿ ಭೇಳ್ ತಿನ್ನುತ್ತ ಮುಂದಿನ ಕೂಟದ ಜಾಗದ ಚರ್ಚೆ ನಡೆಯಿತು. ಆಲ್ಬಮ್ಮಿನ ತರುಣನಿಗೆ ಬೆಂಗಳೂರಿಗೆ ಹೋಗಬೇಕು, ಮೈಮೇಲೆ ಬರುವಂಥ ಒಂದು ಕೋಸ್ಟರು ಹತ್ತಬೇಕು. ಮಾಸ್ತರರದ್ದು ಶಿಗ್ಗಾಂವಿ ಹತ್ತಿರದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್. ಕಲಾವಿದ ಟಿ. ಬಿ. ಸೊಲಬಕ್ಕನವರು ನಿರ್ಮಿಸಿದ ಅದೂ ಸಿಮೆಂಟಿನ ಹಳ್ಳಿಯೇ, ಉತ್ತರ ಕರ್ನಾಟಕದ ಬದುಕೇ. ಅಲ್ಲಿ ಬೋರ್ಡೂ ಓದಬಹುದು, ಹೆಸರೂ ಹೇಳಬಹುದು ಎಂಬುದು ಅವರ ವಾದ. “ಮತ್ತ ಅಲ್ಲಾಡದ್ದs?” ಎಂದು ತರುಣ ತಲೆ ಚಚ್ಚಿಕೊಂಡ. ಅಜ್ಜಿ ಎರಡಕ್ಕೂ ಒಪ್ಪಲಿಲ್ಲ. ಗಡಹಿಂಗ್ಲಜದ ಕಾಳಭೈರಿಯ ಜಾತ್ರೆಗೆ ಎಲ್ಲರೂ ಬರಬೇಕು, ತೊಟ್ಟಿಲೂ ಇರುತ್ತದೆ, ಊಟದ ಚಿಂತೆ ತನಗೆ ಬಿಡಬೇಕು ಎಂದರು. ನಮ್ಮ ಪಿಲಿಕುಳಕ್ಕೆ ಬಂದರೆ ಕಾಸರಗೋಡಿನಿಂದಲೂ ಒಂದು ಟೆಂಪೋ ತುಂಬ ಜನ ಕರೆತರುತ್ತೇನೆಂದು ನಾನೂ ಒಂದು ಮಾತು ಸೇರಿಸಿದೆ. ಅಷ್ಟು ದೂರದ ಬಸ್ಸಿನ ಖರ್ಚನ್ನು ಬೆರಳಲ್ಲಿ ಎಣಿಸುತ್ತ ಜಾಬರರು, ಎರಡು ವರ್ಷ ಬಿಟ್ಟು ನೋಡೋಣ ಎಂದರು.

ಗಡಹಿಂಗ್ಲಜದವರಿಗೆ ಕೊನೆಯ ಬಸ್ಸಿನ ಹೊತ್ತಾಯಿತು. ಹುಡುಗಿ ಓಡಿ ಬಂದು ತನ್ನ ಪುಸ್ತಕ ಕೊಟ್ಟು, ‘ಸಿಕ್ಕ’ ಎಂಬುದನ್ನು ಕನ್ನಡದಲ್ಲಿ ಹೇಗೆ ಬರೆಯುವುದೆಂದು ಕೇಳಿದಳು. ಕಕಾರಕ್ಕೆ ಒತ್ತು ಹಾಕುವುದನ್ನು ತೋರಿಸಿದೆ. ಒಂದು ಸಲ ಬರೆದಳು, ಒತ್ತು ತಲೆಕೆಳಗಾಯಿತು. ಎರಡನೆಯದು ಸರಿಯಾಯಿತು. ಅಷ್ಟರಲ್ಲಿ ಮಾಸ್ತರರು ರಸ್ತೆಯ ಆಚೆಯಿಂದ ಕೂಗತೊಡಗಿದ್ದರು, ಮರಾಠಿಯಲ್ಲಿ.